ಪರದೆಯ ಮೂಲೆಯ ಗೆಳೆತನ

1981ರ ‘ರೈಡರ್ಸ್ ಆಫ್ ದ ಲಾಸ್ಟ್ ಆರ್ಕ್’ ಚಿತ್ರ. ಹಾವುಗಳು ತುಂಬಿದ ನೆಲಮಾಳಿಗೆಯಲ್ಲಿ ನಾಯಕ ಇಂಡಿಯಾನಾ ಜೋನ್ಸ್ ಮತ್ತು ಅವನ ಗೆಳೆಯ ಸಲ್ಲಾ ಪವಿತ್ರ ಪೆಟ್ಟಿಗೆಯನ್ನು ಎತ್ತುವಾಗ, ಪಕ್ಕದ ಕಂಬದ ಈಜಿಪ್ಟ್ ಚಿತ್ರಲಿಪಿಯ ನಡುವೆ ‘ಸ್ಟಾರ್ ವಾರ್ಸ್’ನ ಎರಡು ರೋಬೋಗಳ ಕೆತ್ತನೆ ಇದೆ. ಅದೇ ಚಿತ್ರದ ಆರಂಭದಲ್ಲಿ ಜೋನ್ಸ್ ತಪ್ಪಿಸಿಕೊಂಡು ಹತ್ತುವ ವಿಮಾನದ ಮೈಮೇಲೆ ಬರೆದಿರುವುದು ‘ಓಬಿ-ಸಿಪಿಓ’; ಅದೂ ‘ಸ್ಟಾರ್ ವಾರ್ಸ್’ ಪಾತ್ರಗಳ ಹೆಸರಿನ ಗುರುತು. 1984ರ ಜೋನ್ಸ್ ಚಿತ್ರ ‘ಟೆಂಪಲ್ ಆಫ್ ಡೂಮ್’ ಶುರುವಾಗುವ ಶಾಂಘೈನ ಕ್ಲಬ್ಬಿಗೆ ‘ಸ್ಟಾರ್ ವಾರ್ಸ್’ನ ಓಬಿ ವಾನ್‌ನ ಹೆಸರು. ಕ್ಯಾಸೆಟ್ ಬಂದು, ಬೇಕಾದಲ್ಲಿ ದೃಶ್ಯ ನಿಲ್ಲಿಸಿ ನೋಡುವ ಅನುಕೂಲ ಸಿಕ್ಕ ಮೇಲೆ ಇವನ್ನು ಹುಡುಕುವುದೇ ಅಭಿಮಾನಿಗಳಿಗೆ ಒಂದು ಹವ್ಯಾಸವಾಯಿತು.

ಸುಮಾರು ಅರ್ಧ ಶತಮಾನದ ಈ ಆಟವನ್ನು ಹಿಂದಿರುಗಿ ನೋಡಿದರೆ, ಅದರ ಬೇರು ಈ ಜೋನ್ಸ್ ಚಿತ್ರಗಳನ್ನು ಒಟ್ಟಾಗಿ ರೂಪಿಸಿದ ಇಬ್ಬರ ಗೆಳೆತನದಲ್ಲಿದೆ. 1977ರಲ್ಲಿ ಜಾರ್ಜ್ ಲ್ಯೂಕಾಸ್ ಅವರ ‘ಸ್ಟಾರ್ ವಾರ್ಸ್’, ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘ಕ್ಲೋಸ್ ಎನ್‌ಕೌಂಟರ್ಸ್ ಆಫ್ ದ ಥರ್ಡ್ ಕೈಂಡ್’ ಎರಡೂ ತೆರೆಕಂಡವು. ತಮ್ಮ ಚಿತ್ರ ಸೋಲಬಹುದೆಂದು ಅಂಜಿದ್ದ ಲ್ಯೂಕಾಸ್, ಪರಸ್ಪರರ ಲಾಭದಲ್ಲಿ ಶೇ 2.5ರಷ್ಟು ಪಾಲನ್ನು ಅದಲುಬದಲು ಮಾಡಿಕೊಳ್ಳೋಣ ಎಂದರೆಂದು ಸ್ಪೀಲ್‌ಬರ್ಗ್ ಹೇಳಿಕೊಂಡಿದ್ದಾರೆ. ‘ಕ್ಲೋಸ್ ಎನ್‌ಕೌಂಟರ್ಸ್’ನ ಬೃಹತ್ ಗಗನನೌಕೆಯ ಅಂಚಿಗೆ ‘ಸ್ಟಾರ್ ವಾರ್ಸ್’ನ ರೋಬೋ ಆರ್‌ಟು-ಡಿಟುವಿನ ಪುಟ್ಟ ಬೊಂಬೆಯನ್ನು ಅಂಟಿಸಿದವರು ಮಾದರಿ ತಯಾರಿಸಿದ ಕುಶಲಕರ್ಮಿಗಳು. ಜೊತೆಗೆ ಒಂದು ಶಾರ್ಕ್, ಒಂದು ಅಂಚೆಪೆಟ್ಟಿಗೆ! ಆ ಮಾದರಿಯನ್ನು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ ಜೋಪಾನವಾಗಿ ಇಟ್ಟುಕೊಂಡಿದೆ.

ಇವೆಲ್ಲಕ್ಕಿಂತ ನಮಗೆ ಪ್ರಿಯವಾದದ್ದು ಸ್ಪೀಲ್‌ಬರ್ಗ್ ಅವರ 1982ರ ‘ಇ.ಟಿ.’ಯ ಒಂದು ಕ್ಷಣ. ಬಿಳಿ ಹೊದಿಕೆ ಹೊದ್ದು ಬೀದಿಗಿಳಿದ ಅನ್ಯಲೋಕದ ಜೀವಿ ಇ.ಟಿ., ‘ಸ್ಟಾರ್ ವಾರ್ಸ್’ನ ಯೋಡಾ ವೇಷ ತೊಟ್ಟ ಮಗುವೊಂದನ್ನು ಕಂಡು ಸ್ವಂತ ಊರಿನವನೇ ಸಿಕ್ಕಂತೆ ಅದರತ್ತ ಧಾವಿಸುತ್ತದೆ. ‘ಸ್ಟಾರ್ ವಾರ್ಸ್’ಗೂ ‘ಇ.ಟಿ.’ಗೂ ಸಂಗೀತ ಕೊಟ್ಟ ಜಾನ್ ವಿಲಿಯಮ್ಸ್, ಅಲ್ಲಿ ಯೋಡಾನ ರಾಗದ ಎಳೆಯನ್ನು ಮೆಲ್ಲಗೆ ಸೇರಿಸಿದ್ದಾರೆ. ‘ಸ್ಟಾರ್ ವಾರ್ಸ್’ ನೋಡದವರಿಗೂ ಆ ದೃಶ್ಯದಲ್ಲಿ ಮನೆ ತಪ್ಪಿದ ಜೀವದ ಹಂಬಲ ಪೂರ್ತಿ ತಲುಪುತ್ತದೆ. ನೋಡಿದವರಿಗೆ ಇನ್ನೊಂದು ಪದರ. ಹದಿನೇಳು ವರ್ಷಗಳ ನಂತರ ಲ್ಯೂಕಾಸ್ ಈ ಪ್ರೀತಿಗೆ ಉತ್ತರ ಕೊಟ್ಟರು: 1999ರ ‘ದ ಫ್ಯಾಂಟಮ್ ಮೆನೇಸ್’ನ ಸೆನೆಟ್ ಸಭೆಯಲ್ಲಿ ಇ.ಟಿ.ಯ ಕುಲದವರೂ ಆಸೀನರಾಗಿದ್ದಾರೆ.

ಕೆಲವು ಸುಳಿವುಗಳು ಮೂಲೆಯಲ್ಲೇ ಉಳಿಯಲಿಲ್ಲ. 1990ರ ‘ಪ್ರಿಡೇಟರ್ 2’ರಲ್ಲಿ ಬೇಟೆಗಾರನ ನೌಕೆಯ ಗೋಡೆಗೆ ‘ಏಲಿಯನ್’ನ ತಲೆಬುರುಡೆ ತೂಗುಹಾಕಿದ್ದರು. ಎರಡು ಜೀವಿಗಳ ಕಾಳಗ ಆಗಲೇ ಕಾಮಿಕ್ಸ್‌ನಲ್ಲಿ ಬಂದಿತ್ತು. 2004ರಲ್ಲಿ ಪೂರ್ಣ ಚಿತ್ರವೇ ಆಯಿತು. ಬುರುಡೆ ಹುಟ್ಟಿಸಿದ ಕುತೂಹಲವನ್ನು ಆ ಚಿತ್ರ ತಣಿಸಲಿಲ್ಲ ಎಂಬುದು ನಮ್ಮ ಅನಿಸಿಕೆ.

2012ರಲ್ಲಿ ಡಿಸ್ನಿ ಸುಮಾರು 400 ಕೋಟಿ ಡಾಲರ್‌ಗೆ ಲ್ಯೂಕಾಸ್‌ಫಿಲ್ಮ್ ಕೊಂಡಿತು. ದೊಡ್ಡ ದೊಡ್ಡ ಕಥಾಲೋಕಗಳು ಒಂದೇ ಒಡೆತನಕ್ಕೆ ಬಂದಾಗ, ಒಂದರಲ್ಲಿ ಇನ್ನೊಂದರ ಗುರುತು ಇಡುವುದು ಮುಂದಿನ ಚಿತ್ರದ ಜಾಹೀರಾತಾಗುವ ಅಪಾಯವಿದೆ. ಸ್ವತಃ ಸ್ಪೀಲ್‌ಬರ್ಗ್ 2018ರಲ್ಲಿ ತೆಗೆದ ‘ರೆಡಿ ಪ್ಲೇಯರ್ ಒನ್’ನಲ್ಲಿ ಕಿಂಗ್ ಕಾಂಗ್, ಐರನ್ ಜಯಂಟ್, ಡಿಲೋರಿಯನ್ ಕಾರು ಎಲ್ಲವೂ ತೆರೆಯ ನಟ್ಟನಡುವೆಯೇ ಬರುತ್ತವೆ. ಚಿತ್ರ ರಂಜಿಸುತ್ತದೆ, ನಿಜ. ಆದರೆ ನೋಡುಗ ತಾನಾಗಿ ಕಂಡುಕೊಳ್ಳಲು ಅದರಲ್ಲಿ ಉಳಿದಿರುವುದು ಕಡಿಮೆ. ಮುಂದಿನ ನಿರ್ದೇಶಕರು ಆ ಕಂಬದಲ್ಲಿ ಕೆತ್ತಿದವರ ಸಂಯಮವನ್ನು ಕಲಿಯಲಿ ಎಂಬುದು ನಮ್ಮ ಆಸೆ.