ಅಂಗಡಿ ಕಟ್ಟೆಯಿಂದ: ನೋಡುವ ಕಣ್ಣು



ನಮ್ಮ ಮಹಾರಾಷ್ಟ್ರದ ಶಾಲಾ ಮಕ್ಕಳಿಗೆ ಎಲಿಮೆಂಟರಿ, ಇಂಟರಮೀಜಿಯೇಟ್ ಎಂಬ ಎರಡು ಚಿತ್ರಕಲೆಯ ಪರೀಕ್ಷೆಗಳಿವೆ. ಅದರ ತಯಾರಿಗೆಂದು ನಮ್ಮ ಮೊಮ್ಮಗ ಒಂದು ರವಿವಾರ ಅಂಗಡಿಯ ಹಳೆಯ ತಕ್ಕಡಿ, ತಾಮ್ರದ ತಂಬಿಗೆ, ಎರಡು ದಾಳಿಂಬೆ ಮುಂದಿಟ್ಟುಕೊಂಡು ಕುಳಿತ. ಗಿರಾಕಿ ಬಂದರೂ ತಲೆ ಎತ್ತಲಿಲ್ಲ. ನಮಗೆ ಸಿಟ್ಟು ಬಂತು.

"ಅಲ್ಲಾಡದ ಸಾಮಾನು ಬರದು ಏನು ಸಿಗತೈತಿ?" ಎಂದೆವು.

"ಅಜ್ಜಾ, ದಿನಾ ಇದರಾಗ ತೂಗತೀರಿ. ಎಡಗಡೆ ತಟ್ಟಿ ನೆಗ್ಗಿದ್ದು ನೋಡೀರೇನು?" ಎಂದ.

ನೋಡಿರಲಿಲ್ಲ. ನಲವತ್ತು ವರ್ಷ ನಾವು ಮುಳ್ಳನ್ನಷ್ಟೇ ನೋಡಿದ್ದೆವು.

ಅವನಿಗೆ ಮುಂದೆ ಚಿತ್ರಕಲೆಯನ್ನೇ ಕಲಿಯುವಾಸೆ. ಅವನ ಅಪ್ಪನಿಗೆ ಗಲ್ಲೆಯ ಚಿಂತೆ. ಮನೆಯಲ್ಲಿ ಎರಡು ತಿಂಗಳಿಂದ ಇದೇ ಮಾತು.

ಇಂಥ ಜಗಳ ಹೊಸದಲ್ಲ. ಫ್ರಾನ್ಸಿನ ಸೆಜಾನ್ ಎಂಬ ಚಿತ್ರಕಾರನ ತಂದೆ ಮೊದಲು ಟೋಪಿ ವ್ಯಾಪಾರಿ, ಆಮೇಲೆ ಬ್ಯಾಂಕಿನ ಒಡೆಯ. ಮಗನನ್ನು ಕಾಯದೆ ಓದಲು ಹಾಕಿದ, 1861ರಲ್ಲಿ ಬ್ಯಾಂಕಿನಲ್ಲೂ ಕೂರಿಸಿದ. ಮಗನ ಮನಸ್ಸು ನಿಲ್ಲಲಿಲ್ಲ. ತಂದೆ ಗೊಣಗುತ್ತಲೇ ತಿಂಗಳ ಖರ್ಚಿಗೆ ಹಣ ಕೊಟ್ಟ. ಆ ಮಗ ಸೇಬುಹಣ್ಣುಗಳನ್ನೂ ತನ್ನೂರಿನ ಬೆಟ್ಟವನ್ನೂ ಮತ್ತೆ ಮತ್ತೆ ಬರೆದ. 1906ರಲ್ಲಿ ಬಯಲಲ್ಲಿ ಚಿತ್ರ ಬರೆಯುವಾಗ ಮಳೆಗೆ ಸಿಕ್ಕು, ಕೆಲವೇ ದಿನಗಳಲ್ಲಿ ತೀರಿಕೊಂಡ. ಆಗ ಅವನಿಗೆ 67 ವರ್ಷ.

ನಮ್ಮವರೇ ಆದ ರುಮಾಲೆ ಚನ್ನಬಸವಯ್ಯನವರು 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದರು. ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡರು, ‘ತಾಯಿನಾಡು’ ಪತ್ರಿಕೆ ನಡೆಸಿದರು, ರಾಜಕಾರಣದಲ್ಲೂ ಇದ್ದರು. 1960ರ ದಶಕದಲ್ಲಿ ಅದನ್ನೆಲ್ಲ ಬಿಟ್ಟು ಬೆಂಗಳೂರಿನ ಹೂಬಿಟ್ಟ ಮರಗಳ ಎದುರು ನಿಂತು ಚಿತ್ರ ಬರೆದರು. 1988ರಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ಕಾಯಕ. ಮರ ಅವರದಲ್ಲ, ರಸ್ತೆ ಅವರದಲ್ಲ. ನೋಡಿದ ಸಂತೋಷ ಮಾತ್ರ ಅವರದು. ಅಪರಿಗ್ರಹ ಎಂದು ನಾವು ಬಾಯಲ್ಲಿ ಹೇಳುವುದು ಇದಕ್ಕೆ ಹತ್ತಿರವಲ್ಲವೆ?

ಮೊನ್ನೆ ಮೊಮ್ಮಗ ಮುಚ್ಚಂಡಿಯ ಬಯಲನ್ನು ಬರೆದು ತಂದ. ಮಳೆ ಬಂತೆ, ಬೆಳೆ ಬಂತೆ, ಉದ್ರಿ ವಸೂಲಾದೀತೆ ಎಂದಷ್ಟೇ ನಾವು ನೋಡಿದ ನೆಲ ಅದು. ಕಾಗದದ ಮೇಲೆ ಅದರಲ್ಲಿ ಕೆಂಪು, ಕಂದು, ಬೂದಿ, ಸಂಜೆಯ ನೀಲಿ ಎಲ್ಲ ಇತ್ತು.

ಮಗನನ್ನು ಕರೆದು ಹೇಳಿದೆವು: ಹತ್ತನೆಯದು ಮುಗಿಯಲಿ, ರಜೆಯಲ್ಲಿ ಲೆಕ್ಕ ಬರೆಯುವುದನ್ನೂ ಕಲಿಯಲಿ. ಆಮೇಲೂ ಅವನ ಮನಸ್ಸು ಅಲ್ಲೇ ಇದ್ದರೆ ಖರ್ಚು ನಮ್ಮದು. ಮಗ ಇನ್ನೂ ಹೂಂ ಅಂದಿಲ್ಲ. ಆದರೆ ಆ ಚಿತ್ರವನ್ನು ಗಲ್ಲೆಯ ಮೇಲಿನ ಗೋಡೆಗೆ ತಾನೇ ಮೊಳೆ ಹೊಡೆದು ತೂಗುಹಾಕಿದ್ದಾನೆ.