ಕೆಂಪು ದೀಪ ಹತ್ತಿದಾಗ

ನಮ್ಮ ಕಳವಾರದ ಮನೆಗೆ ಫೈಬರ್ ಇಂಟರ್‌ನೆಟ್ ಹಾಕೋಕೆ ಬಂದ ಹುಡುಗ, "ವೈರು ಜಾಸ್ತಿ ಆಯ್ತು, 500 ರೂಪಾಯಿ ಕೊಡಿ ಅಕ್ಕ" ಅಂದ. ರಸೀದಿ ಕೇಳಿದ್ದಕ್ಕೆ ನಕ್ಕ. ಕೊಟ್ಟುಬಿಟ್ಟೆ, ತಪ್ಪು ನನ್ನದೇ.

ಮೂರೇ ದಿನಕ್ಕೆ ಮೋಡೆಮ್‌ನಲ್ಲಿ 'ಎಲ್‌ಓಎಸ್' ಅನ್ನೋ ಕೆಂಪು ದೀಪ ಹತ್ತಿತು. ಬೆಳಕು ಅಲ್ಲಿವರೆಗೆ ತಲುಪುತ್ತಿಲ್ಲ ಅಂತ ಅದರ ಅರ್ಥ. ಈ ವೈರಿನೊಳಗಿರೋದು ತಾಮ್ರವಲ್ಲ, ಗಾಜಿನ ಎಳೆ. ಪುಣ್ಯಾತ್ಮ ಅದನ್ನು ಬಾಗಿಲ ಮೂಲೆಯಲ್ಲಿ ಮಡಚಿ ಮೊಳೆ ಹೊಡೆದಿದ್ದ! ಮಗಳ ಪರೀಕ್ಷೆಯ ವಾರವೆಲ್ಲ ಹಾಗೇ ಕಳೆಯಿತು.

ಕೆಲಸ ಮುಗಿಯೋವರೆಗೂ ಪಕ್ಕದಲ್ಲೇ ನಿಂತು ನೋಡಿ. ಮೋಡೆಮ್ ಸ್ವಂತದ್ದೋ ಬಾಡಿಗೆಯದೋ, ಎಷ್ಟು ಜಿಬಿ ದಾಟಿದರೆ ವೇಗ ಇಳಿಯುತ್ತೆ ಅಂತ ದುಡ್ಡು ಕೊಡೋ ಮುಂಚೆಯೇ ಕೇಳಿ. ದೂರು ಕೊಟ್ಟಾಗ ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ, ಟ್ರಾಯ್‌ನ 2012ರ ನಿಯಮದ ಪ್ರಕಾರ ಕಂಪನಿಯಲ್ಲೇ ಇರುವ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಗ್ರಾಹಕರ ಸಹಾಯವಾಣಿ 1915 ಕೂಡ ಇದೆ.