ಬೆಳೆಯ ಚಿತ್ರವನ್ನು ತಿದ್ದುವ ಮುನ್ನ ಕೇಳಿ ತಿಳಿಯಿರಿ

ಬೆಳೆಗೆ ರೋಗ ಬಿದ್ದರೆ ಎಲೆಯನ್ನು ಕಿತ್ತು, ಕಾಗದದಲ್ಲಿ ಸುತ್ತಿ, ಗದ್ವಾಲಕ್ಕೋ ರಾಯಚೂರಿಗೋ ಬಸ್ಸಿನಲ್ಲಿ ಒಯ್ಯುವ ಕಾಲ ಹಿಂದಾಯಿತು. ಈಗ ರೈತನು ಹೊಲದಲ್ಲಿ ನಿಂತೇ ಮೊಬೈಲಿನಿಂದ ಚಿತ್ರ ತೆಗೆದು ಬಲ್ಲವರಿಗೆ ಕಳುಹಿಸುತ್ತಾನೆ. ಇದು ಒಳ್ಳೆಯದೇ. ಆದರೆ ಕಳುಹಿಸುವ ಮೊದಲು ಆ ಚಿತ್ರವನ್ನು ಯಾರಿಂದಲೋ 'ಚೆಂದ ಮಾಡಿಸುವ' ರೂಢಿಯೊಂದು ನಮ್ಮ ಗಟ್ಟು ಸೀಮೆಯಲ್ಲಿ ಹಬ್ಬುತ್ತಿದೆ. ಆ ವಿಷಯವಾಗಿ ರೈತ ಬಾಂಧವರಲ್ಲಿ ನಾಲ್ಕು ಮಾತು ಹೇಳಬೇಕಾಗಿದೆ.

ಕಳೆದ ಮುಂಗಾರಿನಲ್ಲಿ ನಮ್ಮ ಕಡೆಯ ರೈತರೊಬ್ಬರ ಶೇಂಗಾ ಹೊಲ ಹಳದಿಗೆ ತಿರುಗಿತು. ಅವರು ತೆಗೆದ ಚಿತ್ರ ಮಂಕಾಗಿದೆಯೆಂದು ಹುಡುಗನೊಬ್ಬನು ಕಂಪ್ಯೂಟರಿನಲ್ಲಿ ಅದರ ಬಣ್ಣ ಏರಿಸಿ ಕೊಟ್ಟನು. ಹಳದಿ ಎಲೆ ಹಚ್ಚಗೆ ಹಸಿರಾಯಿತು. ಅದನ್ನು ನೋಡಿದವರು "ಬೆಳೆ ಚೆನ್ನಾಗಿಯೇ ಇದೆಯಲ್ಲ!" ಎಂದು ಉತ್ತರ ಕೊಟ್ಟರಂತೆ. ನಗುವ ಮಾತಲ್ಲ, ಅಷ್ಟರಲ್ಲಿ ಹತ್ತು ದಿನ ಕಳೆದುಹೋದವು.

ಬೆಳೆಯ ವಿಷಯದಲ್ಲಿ ಬಣ್ಣವೆಂಬುದು ಅಲಂಕಾರವಲ್ಲ, ಅದೇ ರೋಗದ ಲಕ್ಷಣ. ಶೇಂಗಾಕ್ಕೆ ಸಾರಜನಕ ಕಡಿಮೆಯಾದರೆ ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾಗುತ್ತವೆ. ಸುಣ್ಣದ ಅಂಶ ಹೆಚ್ಚಿರುವ ಎರೆಭೂಮಿಯಲ್ಲಿ ಕಬ್ಬಿಣದ ಅಂಶ ದೊರೆಯದಿದ್ದರೆ ಮೇಲಿನ ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಹತ್ತಿಯಲ್ಲಿ ಜಿಗಿಹುಳು ರಸ ಹೀರಿದರೆ ಎಲೆಯ ಅಂಚು ಹಳದಿಯಾಗಿ, ಬಳಿಕ ಕೆಂಪಾಗಿ, ಕೆಳಮುಖವಾಗಿ ಮುದುಡುತ್ತದೆ. ಮೆಗ್ನೀಷಿಯಂ ಸಾಲದಿದ್ದರೆ ನರಗಳ ನಡುವಿನ ಭಾಗ ಕೆಂಪೇರುತ್ತದೆ. ಒಂದಕ್ಕೆ ಹುಳದ ಔಷಧ, ಇನ್ನೊಂದಕ್ಕೆ ಗೊಬ್ಬರ. ಬಣ್ಣ ತಿದ್ದಿದ ಚಿತ್ರವನ್ನು ನಂಬಿ ಔಷಧ ಹೊಡೆದರೆ ಹಣವೂ ಹೋಯಿತು, ಬೆಳೆಯೂ ಹೋಯಿತು.

ಹೀಗೆಂದು ಚಿತ್ರ ತಿದ್ದುವ ಸಾಧನವನ್ನೇ ದೂರುವುದು ಸರಿಯಲ್ಲ. ನಮ್ಮ ಹುಡುಗರು ಬಳಸುತ್ತಿರುವುದು ಗಿಂಪ್ ಎಂಬ ಸಾಧನ. ಅಮೆರಿಕದ ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಅದನ್ನು ಆರಂಭಿಸಿದರು. 1996ರಲ್ಲಿ ಅದು ಎಲ್ಲರ ಕೈಗೆ ಬಂತು. 2025ರ ಮಾರ್ಚ್ ತಿಂಗಳಲ್ಲಿ ಅದರ 3.0ನೆಯ ಆವೃತ್ತಿ ಹೊರಬಿತ್ತು. ಅದಕ್ಕೆ ಬೆಲೆಯಿಲ್ಲ, ಬಾಡಿಗೆಯಿಲ್ಲ. ಒಬ್ಬರು ಇನ್ನೊಬ್ಬರಿಗೆ ನಕಲು ಮಾಡಿ ಕೊಟ್ಟರೆ ಅಪರಾಧವೂ ಅಲ್ಲ. ದೇಶದೇಶಗಳ ಜನ ಬಿಡುವಿನ ವೇಳೆಯಲ್ಲಿ ದುಡಿದು ಅದನ್ನು ಬೆಳೆಸಿದ್ದಾರೆ. ನಮ್ಮ ಹಳ್ಳಿಯ ಮುಯ್ಯಾಳಿನ ಪದ್ಧತಿಯನ್ನು ಬಲ್ಲವರಿಗೆ ಇದೇನೂ ವಿಚಿತ್ರವಲ್ಲ.

ಆದರೆ ಪುಕ್ಕಟೆ ಸಾಧನಕ್ಕೆ ಅಂಗಡಿಯವನಿಲ್ಲ. ಕೆಟ್ಟಿತೆಂದು ಹೋಗಿ ಜಗಳವಾಡಲು ಯಾರೂ ಇಲ್ಲ. ಬಲ್ಲವರನ್ನು ಕೇಳಬೇಕು, ಅವರು ಬಿಡುವಾದಾಗ ಹೇಳಬೇಕು. ಆದ್ದರಿಂದ ಗಿಂಪನ್ನು ಕಲಿಯುವುದೆಂದರೆ ಅರ್ಧಪಾಲು ಕೇಳುವುದನ್ನು ಕಲಿಯುವುದೇ ಆಗಿದೆ. ನಮ್ಮವರು ಸೋಲುತ್ತಿರುವುದು ಇಲ್ಲಿ.

ಎತ್ತಿಗೆ ಜಡ್ಡಾದರೆ ದನದ ಡಾಕ್ಟರರ ಮುಂದೆ "ಎತ್ತಿಗೆ ಏನೋ ಆಗಿದೆ" ಎಂದು ಸುಮ್ಮನಾಗುವವರುಂಟೆ? ಎಂದಿನಿಂದ ಮೇವು ಬಿಟ್ಟಿದೆ, ಮೆಲುಕು ಹಾಕುತ್ತದೆಯೋ ಇಲ್ಲವೋ, ಸಗಣಿ ಹೇಗಿದೆ, ಹಿಂದಿನ ದಿನ ಏನು ತಿಂದಿತ್ತು—ಎಲ್ಲವನ್ನೂ ಹೇಳುತ್ತೇವೆ. ಅದೇ ನಾವು ಕಂಪ್ಯೂಟರಿನ ಮುಂದೆ ಕೂತರೆ "ಇದು ಕೆಲಸ ಮಾಡುವುದಿಲ್ಲ, ಸ್ವಲ್ಪ ನೋಡಿ" ಎಂದಷ್ಟೇ ಬರೆದು ಕಳುಹಿಸುತ್ತೇವೆ. ಉತ್ತರ ಕೊಡುವವನು ಏನೆಂದು ಕೊಟ್ಟಾನು? ಯಾವ ಆವೃತ್ತಿ, ಏನು ಮಾಡಲು ಹೊರಟಿರಿ, ಯಾವ ಗುಂಡಿ ಒತ್ತಿದಿರಿ, ಆಮೇಲೆ ಪರದೆಯ ಮೇಲೆ ಏನು ಕಂಡಿತು, ಇಷ್ಟನ್ನು ಹೇಳಿ ಪರದೆಯ ಚಿತ್ರವೊಂದನ್ನು ಜೊತೆಗಿಟ್ಟರೆ ಅರ್ಧ ಉತ್ತರ ಕೇಳುವವನಿಗೇ ಹೊಳೆದುಬಿಡುತ್ತದೆ.

ಹೆಚ್ಚಿನವರು ಎಡವುವ ಕಲ್ಲುಗಳು ಕೆಲವೇ. ಚಿತ್ರ ತಿದ್ದಿ 'ಸೇವ್' ಎಂದು ಒತ್ತುತ್ತಾರೆ. ಮೊಬೈಲಿಗೆ ಕಳುಹಿಸಿದರೆ ಅದು ತೆರೆಯುವುದಿಲ್ಲ. 2012ರ 2.8ನೆಯ ಆವೃತ್ತಿಯಿಂದ ಈಚೆಗೆ 'ಸೇವ್' ಎಂದರೆ ಗಿಂಪಿನದೇ ಎಕ್ಸ್‌ಸಿಎಫ್ ಎಂಬ ರೂಪ. ಜೆಪೆಗ್ ಬೇಕಾದರೆ 'ಎಕ್ಸ್‌ಪೋರ್ಟ್ ಆ್ಯಸ್' ಎನ್ನಬೇಕು. ಅರ್ಜಿಗೆ ಹಾಕುವ ಫೋಟೋದ ತೂಕ ಹೆಚ್ಚಾಯಿತೆಂದು ಪರದಾಡುವವರು ಮೊದಲು 'ಸ್ಕೇಲ್ ಇಮೇಜ್'ನಲ್ಲಿ ಅಳತೆ ಇಳಿಸಿ, ಬಳಿಕ ಎಕ್ಸ್‌ಪೋರ್ಟ್ ಮಾಡುವಾಗ ಗುಣಮಟ್ಟದ ಅಂಕಿಯನ್ನು ತಗ್ಗಿಸಿದರೆ ಸಾಕು. ಟ್ಯಾಬ್ ಕೀಲಿಗೆ ಬೆರಳು ತಾಗಿ ಸಲಕರಣೆಗಳ ಪಟ್ಟಿಗಳೆಲ್ಲ ಮಾಯವಾದವೆಂದು ಗಾಬರಿಪಟ್ಟವರನ್ನು ನೋಡಿದ್ದೇನೆ. ಅದೇ ಕೀಲಿಯನ್ನು ಮತ್ತೊಮ್ಮೆ ಒತ್ತಿದರೆ ಬರುತ್ತವೆ. ಇನ್ನು, ಈ ಸಾಧನವನ್ನು ಗಿಂಪ್ ಡಾಟ್ ಆರ್ಗ್ ಎಂಬ ಅದರ ಸ್ವಂತ ತಾಣದಿಂದಲೇ ತರಬೇಕು. 2022ರಲ್ಲಿ ಅದೇ ಹೆಸರಿನ ಜಾಹೀರಾತಿನ ವೇಷದಲ್ಲಿ ಕಳ್ಳ ಸಾಧನವೊಂದು ಜನರ ಕಂಪ್ಯೂಟರಿಗೆ ನುಗ್ಗಿದ್ದುಂಟು.

ಬೀಜೋತ್ಪಾದನೆ ಮಾಡುವ ನಮ್ಮ ಹತ್ತಿ ರೈತರಿಗೆ ಇನ್ನೊಂದು ಮಾತು. ಸಂಜೆ ಹೆಣ್ಣುಸಾಲಿನ ಮೊಗ್ಗಿನಿಂದ ಕೇಸರ ತೆಗೆದು, ಮರುದಿನ ಬೆಳಿಗ್ಗೆ ಗಂಡುಹೂವಿನ ಪರಾಗ ಸವರಿ, ತಿಂಗಳುಗಟ್ಟಲೆ ಮನೆಮಂದಿಯೆಲ್ಲ ದುಡಿದ ಬೆಳೆಯ ಬೆಲೆ ಕೊನೆಗೆ ಶುದ್ಧತೆಯ ಪರೀಕ್ಷೆಯ ಮೇಲೆ ನಿಂತಿರುತ್ತದೆ. ವ್ಯಾಜ್ಯ ಬಂದರೆ ಹೊಲದ ಚಿತ್ರವೇ ಸಾಕ್ಷಿಯಾಗಬಹುದು. ತಿದ್ದಿದ ಚಿತ್ರವನ್ನು ಮುಂದಿಟ್ಟ ರೈತನ ನಿಜವೂ ಸುಳ್ಳಾಗಿ ಕಾಣುತ್ತದೆ. ಮೂಲ ಚಿತ್ರದೊಳಗೆ ತೆಗೆದ ದಿನ, ವೇಳೆ ಅಡಗಿರುತ್ತವೆ. ವಾಟ್ಸಾಪಿನಲ್ಲಿ ಬರಿಯ ಫೋಟೋ ಎಂದು ಕಳುಹಿಸಿದರೆ ಅವು ಅಳಿಸಿಹೋಗಿ, ಚಿತ್ರವೂ ಕುಗ್ಗುತ್ತದೆ. 'ಡಾಕ್ಯುಮೆಂಟ್' ಎಂದು ಕಳುಹಿಸಿದರೆ ಇದ್ದಂತೆಯೇ ಹೋಗುತ್ತದೆ. ಆದ್ದರಿಂದ ಮೂಲವನ್ನು ಮುಟ್ಟದೆ ಬೇರೆಯಾಗಿಡಿ, ನಕಲಿನ ಮೇಲೆ ಮಾತ್ರ ಕೈಮಾಡಿ. ಬೆಳೆಯ ಚಿತ್ರದಲ್ಲಿ ಬೇಡದ ಅಂಚನ್ನು ಕತ್ತರಿಸಬಹುದು, ಕಾಯಿಲೆಯ ಜಾಗಕ್ಕೆ ಗೆರೆ ಸುತ್ತಬಹುದು, ಅಳತೆ ಇಳಿಸಬಹುದು. ಬಣ್ಣ, ಬೆಳಕುಗಳ ಗೊಡವೆಗೆ ಮಾತ್ರ ಹೋಗಕೂಡದು. ಮದುವೆಯ ಫೋಟೋಕ್ಕೆ ಬೇಕಾದಷ್ಟು ಬಣ್ಣ ಬಳಿಯಲಿ, ಯಾರು ಬೇಡವೆಂದಾರು?

ಭಾಷೆಯ ತೊಡಕನ್ನೂ ಹೇಳಲೇಬೇಕು. 1956ರಲ್ಲಿ ರಾಯಚೂರು ಜಿಲ್ಲೆಯ ಗದ್ವಾಲ ತಾಲೂಕು ಆಂಧ್ರಪ್ರದೇಶಕ್ಕೆ ಸೇರಿತು. ನಮಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಕಂಪ್ಯೂಟರಿನಲ್ಲಿ ಇಂಗ್ಲಿಷ್. ಗಿಂಪಿನ ಆಜ್ಞಾಪದಗಳಿಗೆ ಕನ್ನಡ ಅನುವಾದ ಉಂಟು. ಆದರೆ ಅದರ ದೊಡ್ಡ ಕೈಪಿಡಿ ಕನ್ನಡದಲ್ಲೂ ಇಲ್ಲ, ತೆಲುಗಿನಲ್ಲೂ ಇಲ್ಲ. ಕನ್ನಡಾಭಿಮಾನಿಗಳು ಮುನಿಯಬಾರದು—ಆಜ್ಞಾಪದಗಳು ಸದ್ಯಕ್ಕೆ ಇಂಗ್ಲಿಷಿನಲ್ಲೇ ಇರಲಿ ಎಂಬುದು ನನ್ನ ಅಭಿಪ್ರಾಯ. ಹೊರಗಿನವರು ಸಹಾಯ ಹೇಳುವುದು ಆ ಹೆಸರುಗಳಿಂದಲೇ. ವಿವರಣೆ ಮಾತ್ರ ನಮ್ಮ ಮಾತಿನಲ್ಲಿ ಬೇಕು. ಅದನ್ನು ಹೊರಗಿನವರು ಬಂದು ಬರೆದುಕೊಡಲಾರರು.

ಕಂಪ್ಯೂಟರ್ ಇರುವ ಶಾಲೆಗಳು ವಾರದಲ್ಲಿ ಒಂದು ಸಂಜೆ ರೈತರಿಗೆ ಬಾಗಿಲು ತೆರೆಯಬೇಕು. ಮೇಲಿನ ತರಗತಿಯ ಹುಡುಗ ಹುಡುಗಿಯರು ಗುಂಡಿ ಒತ್ತಲಿ, ರೈತರು ಎಲೆಯ ನಿಜವಾದ ಬಣ್ಣ ಹೇಳಲಿ. ಮೇಜಿನ ಮೇಲೆ ಒಂದು ನೋಟುಬುಕ್ಕು ಇರಲಿ: ಎಡಬದಿಗೆ ಪ್ರಶ್ನೆ, ಬಲಬದಿಗೆ ದೊರೆತ ಉತ್ತರ, ಕನ್ನಡದಲ್ಲಿ. ಉತ್ತರ ಪಡೆದವರು ಮುಂದಿನ ವಾರ ಬಂದು ಇನ್ನೊಬ್ಬರಿಗೆ ಹೇಳಿಕೊಡಬೇಕೆಂಬುದೇ ಅದರ ಶುಲ್ಕ. ಇದಕ್ಕೆ ಸರಕಾರದ ಅನುದಾನ ಬೇಕಿಲ್ಲ. ಮುಖ್ಯೋಪಾಧ್ಯಾಯರ ಒಪ್ಪಿಗೆ, ಬೀಗದ ಕೈ, ಕರೆಂಟು ಇದ್ದರಾಯಿತು. ಆ ನೋಟುಬುಕ್ಕಿನಿಂದ ವಾರಕ್ಕೆರಡು ಪ್ರಶ್ನೋತ್ತರಗಳಿಗೆ ಈ ಕೃಷಿ ಪುಟದಲ್ಲಿ ಜಾಗ ಕೊಡುವಂತೆ ಸಂಪಾದಕರನ್ನು ಕೇಳಿಕೊಳ್ಳುತ್ತೇನೆ. ಹತ್ತಿಯ ಹೂ ಕಟ್ಟುವ ಕೆಲಸ ಮೊದಲಾದರೆ ಯಾರಿಗೂ ಸಂಜೆಯ ಬಿಡುವು ಸಿಗದು; ಅದಕ್ಕೆ ಮುಂಚೆಯೇ ಇದು ಶುರುವಾಗಬೇಕು.